ಮನೆಯ ಕಂಪ್ಯೂಟರೂ ಯು. ಎಸ್. ಬಿ. ಸಾಧನಗಳ ತೊಡಕೂ

ಗೃಹಸ್ಥರ ಮನೆಗಳಲ್ಲಿ ಕಂಪ್ಯೂಟರು ಈಗ ಹೊಲಿಗೆಯಂತ್ರದಂತೆಯೇ ಒಂದು ಸಾಮಾನ್ಯ ವಸ್ತುವಾಗಿ ಪರಿಣಮಿಸಿದೆ. ಆದರೆ ಹೊಲಿಗೆಯಂತ್ರವು ನಿಂತರೆ ಎಣ್ಣೆ ಹಾಕಬೇಕೋ, ಪಟ್ಟಿ ಬಿಗಿಯಬೇಕೋ ಎಂಬುದನ್ನು ಮನೆಯವರೇ ಕಂಡುಕೊಳ್ಳುವರು. ಕಂಪ್ಯೂಟರಿಗೆ ಸಿಕ್ಕಿಸಿದ ಪೆನ್‌ಡ್ರೈವು ತೆರೆಯದಿದ್ದರೆ ಮಾತ್ರ ಮನೆಮಂದಿಯೆಲ್ಲ ಕೈಕಟ್ಟಿ ನಿಲ್ಲುವರು. ಈ ತೊಡಕುಗಳಲ್ಲಿ ಬಹುಭಾಗವು ಅಂಗಡಿಗೆ ಹೋಗದೆಯೆ ಬಗೆಹರಿಯತಕ್ಕವು.

ಮೊದಲು ಯು. ಎಸ್. ಬಿ. ಎಂಬುದರ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಪೂರ್ವದಲ್ಲಿ ಕೀಲಿಮಣೆಗೆ ಒಂದು ಬಗೆಯ ಬಾಯಿ, ಪ್ರಿಂಟರಿಗೆ ಇನ್ನೊಂದು ಬಗೆ, ಮೋಡೆಮ್ಮಿಗೆ ಮತ್ತೊಂದು ಎಂದು ಕಂಪ್ಯೂಟರಿನ ಬೆನ್ನಿನ ತುಂಬ ಬೇರೆಬೇರೆ ಬಾಯಿಗಳಿದ್ದುವು. ೧೯೯೬ರ ಜನವರಿಯಲ್ಲಿ ಇಂಟೆಲ್ ಮೊದಲಾದ ಕಂಪೆನಿಗಳು ಕೂಡಿ ಇವಕ್ಕೆಲ್ಲ ಒಂದೇ ಬಾಯಿಯನ್ನು ಗೊತ್ತುಪಡಿಸಿದುವು. ಆ ಕಾರ್ಯದಲ್ಲಿ ಮುಂದಾಳುಗಳಾಗಿದ್ದ ಅಜಯ್ ಭಟ್ಟರು ಬರೋಡೆಯಲ್ಲಿ ಓದಿದವರು. ಪೆನ್‌ಡ್ರೈವಿನ ಚಪ್ಪಟೆ ಮೂತಿಯೊಳಗೆ ಇಣಿಕಿದರೆ ನಾಲ್ಕು ಹೊಂಬಣ್ಣದ ಪಟ್ಟಿಗಳು ಕಾಣುವುವು. ಹೊರಗಿನ ಎರಡು ವಿದ್ಯುತ್ತಿಗೆ, ಒಳಗಿನ ಎರಡು ಸಮಾಚಾರದ ಸಾಗಾಟಕ್ಕೆ. ಹೊರಗಿನವು ತುಸು ಉದ್ದವಾಗಿರುವುದರಿಂದ ಮೊದಲು ವಿದ್ಯುತ್ತು ಸೇರುವುದು, ಆಮೇಲೆ ಮಾತುಕತೆ ಪ್ರಾರಂಭವಾಗುವುದು. ಪೆನ್‌ಡ್ರೈವಿನ ಪುಟ್ಟ ದೀಪವು ಉರಿದರೂ ಒಳಗಿನ ಕಡತಗಳು ಕಾಣದಿರುವುದೇಕೆಂಬ ಪ್ರಶ್ನೆಗೆ ಅನೇಕ ವೇಳೆ ಇದೇ ಉತ್ತರ: ಹೊರಗಿನ ಪಟ್ಟಿಗಳು ತಗಲಿವೆ, ಒಳಗಿನವು ಸರಿಯಾಗಿ ತಗಲಿಲ್ಲ.

ಪಣಂಬೂರಿನಲ್ಲಿ ಈ ತಗಲದಿರುವ ರೋಗವು ಒಳನಾಡಿಗಿಂತ ಹೆಚ್ಚು. ೧೯೭೫ರಲ್ಲಿ ನವಮಂಗಳೂರು ಬಂದರು ತೆರೆದಂದಿನಿಂದ ಸುತ್ತಣ ಬೈಕಂಪಾಡಿ, ತಣ್ಣೀರುಬಾವಿಗಳವರೆಗೆ ಮನೆಗಳೂ ಕಾರ್ಖಾನೆಗಳೂ ಬೆಳೆದುವಷ್ಟೆ. ಆದರೆ ಕಡಲಿನ ಉಪ್ಪುಗಾಳಿಯು ಮೊದಲು ಬೀಸಿದಂತೆಯೇ ಈಗಲೂ ಬೀಸುತ್ತಿದೆ. ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಸುವ ಆ ಗಾಳಿಯು ಕಂಪ್ಯೂಟರಿನ ಬಾಯಿಗಳನ್ನು ಬಿಟ್ಟೀತೆ? ಹಪ್ಪಳವು ಡಬ್ಬಿಯಲ್ಲಿಯೇ ಮೆತ್ತಗಾಗುವ ಆಟಿಯ ದಿನಗಳಲ್ಲಿ ಉಪ್ಪಿನ ಕಣಗಳು ತೇವವನ್ನು ಎಳೆದುಕೊಂಡು ಲೋಹದ ಮೇಲೆ ತೆಳುವಾದ ಕಿಲುಬನ್ನು ಕಟ್ಟಿಸುವುವು. ಕಂಪ್ಯೂಟರನ್ನು ಆರಿಸಿ, ಗೋಡೆಯ ಪ್ಲಗ್ಗನ್ನೂ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಹಿಂಡಿದ ಹತ್ತಿಯ ಕಡ್ಡಿಯಿಂದ ಸಾಧನದ ಪಟ್ಟಿಗಳನ್ನು ಮೆಲ್ಲನೆ ಒರಸಿ, ಪೂರ್ತಿಯಾಗಿ ಆರಲು ಬಿಟ್ಟು ಮತ್ತೆ ಸಿಕ್ಕಿಸಿದರೆ ಗುಣ ಕಾಣುವುದುಂಟು. ಟಾಚಣಿಯಿಂದ ಕೆರೆಯಕೂಡದು. ಬಾಯಿ ಬಿಗಿಯಾಗಿದೆಯೆಂದು ತೆಂಗಿನೆಣ್ಣೆ ಸವರಿದವರನ್ನೂ ನಾವು ಕಂಡಿದ್ದೇವೆ. ಅದು ದೋಸೆಯ ಕಾವಲಿಗೆ ಸಲ್ಲುವ ಉಪಾಯವೇ ಹೊರತು ಇದಕ್ಕಲ್ಲ.

ರೋಗವು ಸಾಧನದ್ದೋ, ಕೇಬಲಿನದ್ದೋ, ಬಾಯಿಯದ್ದೋ, ಕಂಪ್ಯೂಟರಿನದ್ದೋ ಎಂಬುದನ್ನು ಗೊತ್ತುಮಾಡಿಕೊಳ್ಳದೆ ಹಣ ವೆಚ್ಚಮಾಡತಕ್ಕದ್ದಲ್ಲ. ಅದೇ ಸಾಧನವನ್ನು ಬೇರೆ ಬಾಯಿಗೆ, ಅನಂತರ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿರಿ. ಎಲ್ಲಿಯೂ ನಡೆಯದಿದ್ದರೆ ದೋಷವು ಸಾಧನದಲ್ಲಿದೆ. ಬೇರೆಡೆ ನಡೆದರೆ ನಿಮ್ಮ ಯಂತ್ರದಲ್ಲಿದೆ. ಪೆಟ್ಟಿಗೆಯ ಮುಂಭಾಗದ ಬಾಯಿಗಳು ಉದ್ದನೆಯ ತಂತಿಯ ಮೂಲಕ ಒಳಗಿನ ಮುಖ್ಯ ಫಲಕಕ್ಕೆ ಸೇರಿದರೆ, ಹಿಂಭಾಗದವು ನೇರವಾಗಿ ಆ ಫಲಕದ ಮೇಲೆಯೇ ಇರುವುವು. ಆದಕಾರಣ ಪರೀಕ್ಷೆಗೆ ಹಿಂಭಾಗವೇ ಉತ್ತಮ. ಮೊಬೈಲಿನ ಚಿತ್ರಗಳು ಕಂಪ್ಯೂಟರಿನಲ್ಲಿ ಕಾಣುವುದಿಲ್ಲವೆಂಬ ದೂರಿಗೆ ಹಲವು ಸಲ ಕೇಬಲೇ ಕಾರಣ. ಅಗ್ಗದ ಕೆಲವು ಕೇಬಲುಗಳಲ್ಲಿ ಚಾರ್ಜಿನ ತಂತಿ ಮಾತ್ರವಿದ್ದು ಸಮಾಚಾರದ ತಂತಿಯೇ ಇರುವುದಿಲ್ಲ.

ವಿದ್ಯುತ್ತಿನ ಕೊರತೆಯೂ ಒಂದು ಕಾರಣವೆ. ಎರಡನೆಯ ತಲೆಮಾರಿನ ಬಾಯಿಯು ೫ ವೋಲ್ಟಿನಲ್ಲಿ ೫೦೦ ಮಿಲಿಆಂಪಿಯರನ್ನೂ, ಸಾಮಾನ್ಯವಾಗಿ ನೀಲಿಬಣ್ಣದಿಂದ ಗುರುತಿಸಲ್ಪಡುವ ಮೂರನೆಯ ತಲೆಮಾರಿನದು ೯೦೦ನ್ನೂ ಕೊಡಬೇಕೆಂದು ನಿಯಮ. ಒಂದೇ ಹಬ್ಬಿಗೆ ಹಾರ್ಡ್‌ಡಿಸ್ಕು, ಪುಟ್ಟ ಫ್ಯಾನು, ಮೊಬೈಲು ಎಲ್ಲವನ್ನೂ ಕಟ್ಟಿದರೆ ಹಾರ್ಡ್‌ಡಿಸ್ಕು ಟಿಕ್‌ಟಿಕ್ಕೆಂದು ಸದ್ದುಮಾಡಿ ನಿಂತುಬಿಡುವುದು. ಅದನ್ನು ಒಂಟಿಯಾಗಿ ಹಿಂಭಾಗಕ್ಕೆ ಸೇರಿಸಿರಿ, ಇಲ್ಲವೆ ಸ್ವಂತ ಅಡಾಪ್ಟರುಳ್ಳ ಹಬ್ಬನ್ನು ಕೊಳ್ಳಿರಿ. ಹಾಗೆ ಮಾಡಿದ ಮೇಲೂ ಸದ್ದು ನಿಲ್ಲದಿದ್ದರೆ ಒಳಗಿನ ಯಂತ್ರವೇ ಕೆಟ್ಟಿರಬಹುದು. ಮತ್ತೆ ಮತ್ತೆ ಸಿಕ್ಕಿಸಿ ಪ್ರಯೋಗ ಮಾಡಬಾರದು.

ಹೊರಗಿನದೆಲ್ಲ ಸರಿಯಿದ್ದರೆ ತಂತ್ರಾಂಶದ ಸರದಿ. ವಿಂಡೋಸಿನಲ್ಲಿ ‘ಡಿವೈಸ್ ಮ್ಯಾನೇಜರ್’ ತೆರೆದಾಗ ಸಾಧನದ ಹೆಸರಿನ ಬಳಿ ಹಳದಿ ಗುರುತಿದ್ದರೆ ಅದನ್ನು ‘ಅನ್‌ಇನ್‌ಸ್ಟಾಲ್’ ಮಾಡಿ, ಸಾಧನವನ್ನು ಕಿತ್ತು, ಕಂಪ್ಯೂಟರನ್ನು ಮತ್ತೆ ಪ್ರಾರಂಭಿಸಿ ಸಿಕ್ಕಿಸಬೇಕು. ಬಹಳ ಸಲ ಅದು ತಾನಾಗಿಯೇ ಗುರುತು ಹಿಡಿಯುವುದು. ಸಾಧನವು ಸ್ವಲ್ಪ ಹೊತ್ತು ನಡೆದು ತಾನೇ ನಿಲ್ಲುತ್ತಿದ್ದರೆ, ಅಲ್ಲಿಯೇ ಯು. ಎಸ್. ಬಿ. ಹಬ್ಬಿನ ‘ಪವರ್ ಮ್ಯಾನೇಜ್‌ಮೆಂಟ್’ ಪುಟದಲ್ಲಿ, ಉಳಿತಾಯಕ್ಕಾಗಿ ವಿದ್ಯುತ್ತನ್ನು ಕಡಿಯಲು ಕೊಟ್ಟ ಅಪ್ಪಣೆಯ ಗುರುತನ್ನು ತೆಗೆಯಬೇಕು. ಕನ್ನಡ ಬೆರಳಚ್ಚಿಸುವಾಗ ಬೇರೆ ಅಕ್ಷರಗಳು ಮೂಡಿದರೆ ಅದು ಯು. ಎಸ್. ಬಿ.ಯ ಅಪರಾಧವಲ್ಲ, ಭಾಷೆಯ ಆಯ್ಕೆಯದ್ದು. ಕನ್ನಡಕ್ಕೆ ಸುಲಭವಾದ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾಯರು ನಮ್ಮ ಮಂಗಳೂರಿನ ಸಮೀಪದ ಕಿನ್ನಿಕಂಬಳದವರೆಂಬುದನ್ನು ಇಲ್ಲಿ ಹೇಳದಿರಲಾರೆವು.

ಇವೆಲ್ಲಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಪೆನ್‌ಡ್ರೈವನ್ನು ಸಿಕ್ಕಿಸಿದೊಡನೆ ಕಂಪ್ಯೂಟರು ‘ಫಾರ್ಮ್ಯಾಟ್ ಮಾಡಲೆ?’ ಎಂದು ವಿನಯದಿಂದ ಕೇಳುವುದುಂಟು. ನಮಗೆ ಪರಿಚಿತರಾದ ಪಣಂಬೂರಿನ ಒಬ್ಬ ವೃದ್ಧೆಯ ಬಳಿ, ತೀರಿಕೊಂಡ ಪತಿಯ ಭಾವಚಿತ್ರಗಳೂ ಮೊಮ್ಮಗಳ ನಾಮಕರಣದ ದಿನ ಅವರು ಆಡಿದ ನಾಲ್ಕು ಮಾತುಗಳೂ ಒಂದೇ ಪೆನ್‌ಡ್ರೈವಿನಲ್ಲಿದ್ದುವು, ಬೇರೆ ಪ್ರತಿಯಿರಲಿಲ್ಲ. ಮಳೆಗಾಲದ ಒಂದು ಸಂಜೆ ಈ ಪ್ರಶ್ನೆಯು ಪರದೆಯ ಮೇಲೆ ಮೂಡಿತು.

“ಅಜ್ಜೀ, ಹೌದೆಂದು ಒತ್ತಲೆ?” ಎಂದು ಮೊಮ್ಮಗನು ಕೇಳಿದನು.

“ಬೇಡ ಮಗಾ, ಏನನ್ನೂ ಒತ್ತಬೇಡ. ಅದನ್ನು ತೆಗೆದು ನನ್ನ ಕೈಗೆ ಕೊಡು” ಎಂದರು ಆ ತಾಯಿ.

ಮರುದಿನ ಅದರ ಮೂತಿಯನ್ನು ಒರಸಿ ಹಿಂಭಾಗದ ಬಾಯಿಗೆ ಸಿಕ್ಕಿಸಿದಾಗ ಎಲ್ಲವೂ ತೆರೆಯಿತು. ಅಂದೇ ಎರಡು ಕಡೆ ಪ್ರತಿ ಮಾಡಲಾಯಿತು. ಹೌದೆಂದು ಒತ್ತಿದ್ದರೆ ಕಡತಗಳ ಪಟ್ಟಿಯೇ ಅಳಿದುಹೋಗುತ್ತಿತ್ತು. ಹಾಗೆ ಒತ್ತಿಬಿಟ್ಟವರು ಆ ಪೆನ್‌ಡ್ರೈವಿಗೆ ಹೊಸದೇನನ್ನೂ ತುಂಬದೆ ಎತ್ತಿಟ್ಟರೆ, ಕಳೆದುದನ್ನು ಹುಡುಕುವ ತಂತ್ರಾಂಶಗಳಿಂದ ಕೆಲವಾದರೂ ಮರಳಿ ದೊರೆಯುವ ಸಂಭವವುಂಟು.

ಜೆರಾಕ್ಸ್ ಅಂಗಡಿಗೆ ಆಧಾರಿನ ಪ್ರತಿ ತೆಗೆಯಲೆಂದು ಒಯ್ದ ಪೆನ್‌ಡ್ರೈವು ವೈರಸ್ಸನ್ನು ಹೊತ್ತುತರುವುದೂ ಅಪರೂಪವಲ್ಲ. ಕಡತಗಳ ಸ್ಥಳದಲ್ಲಿ ಬರಿಯ ಶಾರ್ಟ್‌ಕಟ್ಟುಗಳು ಕಂಡರೆ ಅವನ್ನು ಒತ್ತದೆ ಆಂಟಿವೈರಸ್ಸಿನಿಂದ ಶೋಧಿಸಿರಿ. ಮೂಲ ಕಡತಗಳು ಸಾಮಾನ್ಯವಾಗಿ ಒಳಗೆಯೇ ಅಡಗಿರುವುವು. ಇಂಥ ಹೊರಗಿನ ಓಡಾಟಕ್ಕೆ ಬೇರೊಂದು ಪೆನ್‌ಡ್ರೈವನ್ನೇ ಮೀಸಲಿಡುವುದು ಲೇಸು.

ಗುಡುಗು ಕೇಳಿಸಿದೊಡನೆ ಪ್ಲಗ್ಗನ್ನೂ ಇಂಟರ್ನೆಟ್ಟಿನ ತಂತಿಯನ್ನೂ ಕಿತ್ತಿಡಬೇಕು. ಸಿಡಿಲಿನ ಹೊಡೆತಕ್ಕೆ ಬಾಯಿಗಳು ಸುಟ್ಟಿದ್ದು ಉಳಿದುದೆಲ್ಲ ಸರಿಯಾಗಿದ್ದರೆ, ಮುಖ್ಯ ಫಲಕವನ್ನೇ ಬದಲಿಸಬೇಕೆಂದು ಅಂಗಡಿಯವನು ಹೇಳಿದ ಮಾತ್ರಕ್ಕೆ ಒಪ್ಪಬೇಡಿರಿ. ಮೇಜಿನ ಕಂಪ್ಯೂಟರಾದರೆ, ಒಳಗೆ ಸೇರಿಸುವ ಯು. ಎಸ್. ಬಿ. ಕಾರ್ಡು ಅದಕ್ಕಿಂತ ಬಹಳ ಕಡಮೆ ಬೆಲೆಗೆ ದೊರೆಯುವುದು. ಅದನ್ನು ಹಾಕಿಸಬಹುದೆ ಎಂದು ಮೊದಲು ವಿಚಾರಿಸಿರಿ.