ಮದುವೆಯಿಂದ ಮಹಾವಿದ್ಯಾಲಯಕ್ಕೆ: ‘ಕಾಲೇಜ್ ರೋಡ್ ಟ್ರಿಪ್’ ಚಿತ್ರದಲ್ಲಿ ಬೀಳ್ಕೊಡುಗೆಯ ಸ್ವರೂಪ

ಮಗಳು ತಂದೆಯ ಮನೆಯನ್ನು ಬಿಟ್ಟು ಹೊರಡುವ ಗಳಿಗೆಗೆ ಅನೇಕ ಸಾಹಿತ್ಯ ಪರಂಪರೆಗಳಲ್ಲಿ ವಿಶೇಷ ಸ್ಥಾನವಿದೆ. ಕನ್ನಡ ಜನಪದದಲ್ಲಿ ಹೆಣ್ಣೊಪ್ಪಿಸುವ ಹಾಡುಗಳೆಂಬ ಪ್ರತ್ಯೇಕ ಪ್ರಕಾರವೇ ಈ ಗಳಿಗೆಯನ್ನು ಆಶ್ರಯಿಸಿ ಬೆಳೆದಿದೆ. ಇಂಥ ಕಥನಗಳಲ್ಲಿ ಅಗಲಿಕೆಗೆ ನಿಮಿತ್ತವಾಗುವುದು ಸಾಮಾನ್ಯವಾಗಿ ಮದುವೆ. ಮಗಳು ಒಂದು ಮನೆಯ ಹೊಸ್ತಿಲನ್ನು ದಾಟಿ ಇನ್ನೊಂದು ಮನೆಯ ಹೊಸ್ತಿಲನ್ನು ಸೇರುತ್ತಾಳೆ. ಮದುವೆಯ ಸ್ಥಾನದಲ್ಲಿ ಉನ್ನತ ಶಿಕ್ಷಣವೇ ಅಗಲಿಕೆಗೆ ಕಾರಣವಾದಾಗ ಕಥನದ ಆಕೃತಿಯಲ್ಲಿ ಆಗುವ ಬದಲಾವಣೆಗಳೇನು? ತಂದೆಯ ಅಧಿಕಾರ ಆಗ ಯಾವ ರೂಪವನ್ನು ತಾಳುತ್ತದೆ? ಈ ಪ್ರಶ್ನೆಗಳನ್ನು ‘ಕಾಲೇಜ್ ರೋಡ್ ಟ್ರಿಪ್’ ಎಂಬ ಅಮೆರಿಕದ ಕೌಟುಂಬಿಕ ಹಾಸ್ಯಚಿತ್ರವನ್ನು ಆಧರಿಸಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾಲ್ಟ್ ಡಿಸ್ನಿ ಸಂಸ್ಥೆಯ ಈ ಚಿತ್ರ 2008ರ ಮಾರ್ಚ್ ತಿಂಗಳಲ್ಲಿ ತೆರೆಕಂಡಿತು. ಇದರ ನಿರ್ದೇಶಕ ರೋಜರ್ ಕಂಬಲ್. ತಂದೆಯ ಪಾತ್ರದಲ್ಲಿ ಮಾರ್ಟಿನ್ ಲಾರೆನ್ಸ್, ಮಗಳ ಪಾತ್ರದಲ್ಲಿ ರೇವನ್-ಸಿಮೋನೆ ಅಭಿನಯಿಸಿದ್ದಾರೆ. ಎಲ್ಲ ವಯಸ್ಸಿನವರೂ ನೋಡಬಹುದಾದ ಚಿತ್ರವೆಂಬ ಪ್ರಮಾಣಪತ್ರ ಪಡೆದಿದ್ದ ಇದನ್ನು ವಿಮರ್ಶಕರು ಬಹುಮಟ್ಟಿಗೆ ಮೆಚ್ಚಲಿಲ್ಲ. ಕಲಾತ್ಮಕವಾಗಿ ಇದು ಉನ್ನತ ಕೃತಿಯೆಂದು ವಾದಿಸುವ ಅಗತ್ಯವೂ ಇಲ್ಲ. ಆದರೆ ಒಂದು ಸಮಾಜವು ತನ್ನ ಆತಂಕಗಳನ್ನು ಯಾವ ಮುಚ್ಚುಮರೆಯೂ ಇಲ್ಲದೆ ತೋರಿಸಿಕೊಳ್ಳುವುದು ಇಂಥ ಜನಪ್ರಿಯ ಪಠ್ಯಗಳಲ್ಲಿಯೇ ಎಂಬುದನ್ನು ಸಂಸ್ಕೃತಿ ಅಧ್ಯಯನಗಳು ಬಹುಕಾಲದಿಂದ ಹೇಳುತ್ತ ಬಂದಿವೆ.

ಕಥಾವಸ್ತು

ಶಿಕಾಗೋ ನಗರದ ಆಸುಪಾಸಿನ ಊರೊಂದರಲ್ಲಿ ಜೇಮ್ಸ್ ಪೋರ್ಟರ್ ಪೊಲೀಸ್ ಮುಖ್ಯಸ್ಥ. ಅವನ ಮಗಳು ಮೆಲಾನಿ ಶಾಲಾಶಿಕ್ಷಣದ ಕೊನೆಯ ಹಂತದಲ್ಲಿದ್ದಾಳೆ. ಆಕೆಗೆ ವಾಷಿಂಗ್ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ಓದುವ ಹಂಬಲ. ತಂದೆಯ ಮನಸ್ಸಿನಲ್ಲಿರುವುದು ಮನೆಗೆ ಹತ್ತಿರದ ಇವಾನ್‌ಸ್ಟನ್ನಿನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. ಜಾರ್ಜ್‌ಟೌನಿನಿಂದ ಸಂದರ್ಶನದ ಕರೆ ಬಂದಾಗ ಗೆಳತಿಯರೊಡನೆ ಹೋಗಬೇಕೆಂದು ಮಗಳು ಯೋಚಿಸಿರುತ್ತಾಳೆ. ತಾನೇ ಕರೆದೊಯ್ಯುವುದಾಗಿ ತಂದೆ ಮುಂದೆ ಬರುತ್ತಾನೆ. ದಾರಿಯಲ್ಲಿ ನಾರ್ತ್‌ವೆಸ್ಟರ್ನಿನಲ್ಲಿ ಇಳಿಸಿ, ಮೊದಲೇ ಏರ್ಪಡಿಸಿದ ಹೊಗಳಿಕೆಯ ಮಾತುಗಳನ್ನು ಅವಳ ಕಿವಿಗೆ ಬೀಳಿಸುತ್ತಾನೆ. ಕಿರಿಯ ಮಗ ಟ್ರೇ ಮತ್ತು ಅವನು ಸಾಕಿದ ಹಂದಿ ಕಾರಿನಲ್ಲಿ ಅಡಗಿ ಕುಳಿತು ಪ್ರಯಾಣಕ್ಕೆ ಸೇರಿಕೊಳ್ಳುತ್ತಾರೆ. ಮುಂದೆ ನಡೆಯುವುದೆಲ್ಲ ಅವಾಂತರಗಳ ಸರಮಾಲೆ. ಕೊನೆಗೆ ತಂದೆ ಮಗಳಿಬ್ಬರೂ ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದು ಸಂದರ್ಶನದ ವೇಳೆಗೆ ತಲುಪುತ್ತಾರೆ. ಮೆಲಾನಿ ತಾನು ಬಯಸಿದ ವಿಶ್ವವಿದ್ಯಾಲಯವನ್ನೇ ಸೇರುತ್ತಾಳೆ.

ಹಾಸ್ಯಕಥನದ ಆಕೃತಿ ಮತ್ತು ವರನ ಗೈರುಹಾಜರಿ

ನಾರ್ತ್‌ರಾಪ್ ಫ್ರೈ 1957ರ ತನ್ನ ‘ಅನಾಟಮಿ ಆಫ್ ಕ್ರಿಟಿಸಿಸಂ’ ಗ್ರಂಥದಲ್ಲಿ ಹಾಸ್ಯನಾಟಕದ ಮೂಲ ವಿನ್ಯಾಸವನ್ನು ಗುರುತಿಸಿದ್ದಾನೆ. ಪ್ಲಾಟಸ್, ಟೆರೆನ್ಸರ ರೋಮನ್ ನಾಟಕಗಳಿಂದ ಹರಿದುಬಂದ ಈ ವಿನ್ಯಾಸದಲ್ಲಿ ತರುಣನೊಬ್ಬ ತರುಣಿಯನ್ನು ಬಯಸುತ್ತಾನೆ. ಹಿರಿಯನೊಬ್ಬ, ಬಹುತೇಕ ತಂದೆ, ಅದಕ್ಕೆ ಅಡ್ಡಿಯಾಗುತ್ತಾನೆ. ಕಡೆಯಲ್ಲಿ ಅಡ್ಡಿ ನಿವಾರಣೆಯಾಗಿ ಮದುವೆಯೋ ಔತಣವೋ ನಡೆದು ಹೊಸ ಸಮಾಜವೊಂದು ರೂಪುಗೊಳ್ಳುತ್ತದೆ.

ಅಮೆರಿಕದ ಸಿನಿಮಾ ಈ ವಿನ್ಯಾಸವನ್ನು ಧಾರಾಳವಾಗಿ ಬಳಸಿಕೊಂಡಿದೆ. ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ (1934) ಚಿತ್ರದ ನಾಯಕಿ ತಂದೆಯ ಹಡಗಿನಿಂದ ನೀರಿಗೆ ಹಾರಿ ತಪ್ಪಿಸಿಕೊಂಡು ಬಸ್ಸು ಹತ್ತುತ್ತಾಳೆ. ಆ ಪ್ರಯಾಣ ಅವಳನ್ನು ಪ್ರಿಯನೆಡೆಗೆ ಒಯ್ಯುತ್ತದೆ. ವಿನ್ಸೆಂಟ್ ಮಿನೆಲ್ಲಿಯ ‘ಫಾದರ್ ಆಫ್ ದಿ ಬ್ರೈಡ್’ (1950) ತಂದೆಯನ್ನು ಕಥೆಯ ಕೇಂದ್ರಕ್ಕೆ ತರುತ್ತದೆ. ಮಗಳ ಮದುವೆಯ ಸಿದ್ಧತೆಯ ನಡುವೆ ಅವನು ಅನುಭವಿಸುವ ಗೊಂದಲ ಮತ್ತು ಒಂಟಿತನಗಳೇ ಅಲ್ಲಿನ ವಸ್ತು. ಮೊದಲನೆಯದರಲ್ಲಿ ಪ್ರಯಾಣವಿದೆ, ಎರಡನೆಯದರಲ್ಲಿ ತಂದೆಯ ದೃಷ್ಟಿಕೋನವಿದೆ; ಎರಡರಲ್ಲಿಯೂ ವರನಿದ್ದಾನೆ.

‘ಕಾಲೇಜ್ ರೋಡ್ ಟ್ರಿಪ್’ ಈ ಎರಡು ಎಳೆಗಳನ್ನು ಹೆಣೆದು ವರನನ್ನು ಕೈಬಿಡುತ್ತದೆ. ಮೆಲಾನಿಯ ಬಯಕೆಯ ಗುರಿ ವ್ಯಕ್ತಿಯಲ್ಲ, ವಿಶ್ವವಿದ್ಯಾಲಯ. ನಾರ್ತ್‌ವೆಸ್ಟರ್ನ್ ತಂದೆ ಗೊತ್ತುಮಾಡಿದ ಸಂಬಂಧ. ಜಾರ್ಜ್‌ಟೌನ್ ಮಗಳು ತಾನೇ ಆರಿಸಿಕೊಂಡದ್ದು. ಹಳೆಯ ಹಾಸ್ಯನಾಟಕದ ‘ತಂದೆಯ ಆಯ್ಕೆ’ ಮತ್ತು ‘ಮಗಳ ಆಯ್ಕೆ’ಗಳ ದ್ವಂದ್ವ ಇಲ್ಲಿ ಹಾಗೆಯೇ ಉಳಿದಿದೆ, ಸ್ಥಾನಗಳನ್ನು ತುಂಬಿರುವ ಸಂಗತಿಗಳು ಮಾತ್ರ ಬದಲಾಗಿವೆ. ಇದಕ್ಕೆ ಚಿತ್ರದೊಳಗೇ ಪುಷ್ಟಿ ದೊರೆಯುತ್ತದೆ. ಪ್ರಯಾಣದ ನಡುವೆ ಯಾರದೋ ಮದುವೆಯೊಂದು ಎದುರಾಗುತ್ತದೆ. ಕಾಫಿಬೀಜ ತಿಂದು ಹುಚ್ಚೆದ್ದ ಹಂದಿ ಆ ಸಮಾರಂಭಕ್ಕೆ ನುಗ್ಗಿ ಅದನ್ನು ಧ್ವಂಸಮಾಡುತ್ತದೆ. ಹಳೆಯ ಹಾಸ್ಯಕಥನದಲ್ಲಿ ಅಂತ್ಯದ ಗೌರವ ಪಡೆದಿದ್ದ ಮದುವೆ ಇಲ್ಲಿ ದಾರಿಯ ನಡುವಿನ ಒಂದು ಪ್ರಹಸನ. ಅಂತ್ಯದ ಸ್ಥಾನ ವಿಶ್ವವಿದ್ಯಾಲಯದ ಬಾಗಿಲಿಗೆ ಸಂದಿದೆ.

ವರನಿಲ್ಲದ ಕಾರಣ ಇನ್ನೊಂದು ಪರಿಣಾಮವೂ ಉಂಟಾಗುತ್ತದೆ. ಹಳೆಯ ನಾಟಕದಲ್ಲಿ ಅಡ್ಡಿಪಡಿಸುವ ತಂದೆಯನ್ನು ಮಣಿಸಲು ಪ್ರೇಮಿ ಮತ್ತು ಜಾಣ ಸೇವಕ ಉಪಾಯ ಹೂಡುತ್ತಿದ್ದರು. ಇಲ್ಲಿ ತಂದೆಯೇ ನಾಯಕ, ತಂದೆಯೇ ಅಡ್ಡಿ. ಅವನು ಮಣಿಯಬೇಕಾದದ್ದು ತನಗೆ ತಾನೇ.

ಪ್ರೀತಿ ಮತ್ತು ಕಣ್ಗಾವಲು

ತಂದೆಯ ವೃತ್ತಿಯ ಆಯ್ಕೆ ಆಕಸ್ಮಿಕವಲ್ಲ. ಅಪಾಯವನ್ನು ಮೊದಲೇ ಶಂಕಿಸುವುದು, ಹಿಂಬಾಲಿಸುವುದು, ವಿಚಾರಣೆ ನಡೆಸುವುದು ಪೊಲೀಸನ ಕರ್ತವ್ಯ. ಜೇಮ್ಸ್ ಈ ಕರ್ತವ್ಯವನ್ನು ಪಿತೃವಾತ್ಸಲ್ಯದೊಂದಿಗೆ ಬೆರೆಸಿಬಿಡುತ್ತಾನೆ. ವಿದ್ಯಾರ್ಥಿನಿಯರ ವಸತಿಗೃಹದಲ್ಲಿ ಮಗಳು ಒಂದು ರಾತ್ರಿ ತಂಗಿದಾಗ ಅವನು ಕದ್ದು ಒಳಹೊಕ್ಕು ಮಂಚದ ಕೆಳಗೆ ಅಡಗುತ್ತಾನೆ. ಪ್ರೇಕ್ಷಕರನ್ನು ನಗಿಸಲು ರಚಿಸಿದ ಈ ದೃಶ್ಯದಲ್ಲಿ ಒಂದು ತೀಕ್ಷ್ಣ ವಿಪರ್ಯಾಸವಿದೆ. ಪರಪುರುಷರಿಂದ ಮಗಳನ್ನು ಕಾಪಾಡಲು ಹೊರಟವನು ತಾನೇ ಹೆಣ್ಣುಮಕ್ಕಳ ಕೋಣೆಗೆ ಅಕ್ರಮವಾಗಿ ನುಗ್ಗಿದ ಪರಪುರುಷನಾಗುತ್ತಾನೆ. ರಕ್ಷಣೆಯ ಹೆಸರಿನಲ್ಲಿ ನಡೆಯುವ ಕಣ್ಗಾವಲು ತಾನೇ ಅಪರಾಧದ ರೂಪ ತಾಳುವ ಬಗೆಯನ್ನು ಚಿತ್ರ ಅರಿತೋ ಅರಿಯದೆಯೋ ತೋರಿಸುತ್ತದೆ.

ಇದೇ ಸಂದರ್ಭದಲ್ಲಿ ಡಗ್ ಗ್ರೀನ್‌ಹಟ್ ಎಂಬ ಮತ್ತೊಬ್ಬ ತಂದೆಯ ಪಾತ್ರವನ್ನೂ ಗಮನಿಸಬೇಕು. ಡಾನಿ ಆಸ್ಮಂಡ್ ಅಭಿನಯಿಸಿರುವ ಈ ಪಾತ್ರ ಸದಾ ಉಲ್ಲಾಸಿ; ತನ್ನ ಮಗಳೊಡನೆ ಹಾಡುತ್ತ ಕುಣಿಯುತ್ತ ಕಾಲೇಜುಗಳನ್ನು ಸುತ್ತುತ್ತಾನೆ. ಚಿತ್ರ ಅವನನ್ನೂ ಅತಿಯಾಗಿಯೇ ಚಿತ್ರಿಸಿ ನಗುತ್ತದೆ. ಅಂದರೆ ಹೆದರಿಸುವ ತಂದೆಗೆ ಎದುರಾಗಿ ಗೆಳೆಯನಂತಹ ತಂದೆಯನ್ನು ಆದರ್ಶವಾಗಿ ನಿಲ್ಲಿಸಲು ಅದು ಸಿದ್ಧವಿಲ್ಲ. ಜೇಮ್ಸ್‌ನಿಂದ ಚಿತ್ರ ನಿರೀಕ್ಷಿಸುವುದು ಹೆಚ್ಚಿನ ಉಲ್ಲಾಸವನ್ನಲ್ಲ, ದೂರವನ್ನು ಸಹಿಸುವ ಶಕ್ತಿಯನ್ನು.

ಪ್ರಯಾಣವು ಈ ಶಕ್ತಿಯನ್ನು ಕಲಿಸುವ ಬಗೆ ಸರಳವಾದದ್ದು. ಮನೆಯಲ್ಲಿ ತಂದೆಯ ಅಧಿಕಾರಕ್ಕೆ ಅನೇಕ ಆಸರೆಗಳಿವೆ: ಹುದ್ದೆ, ವಾಹನ, ಪರಿಚಿತ ಊರು, ಮೊದಲೇ ಹಾಕಿಕೊಂಡ ಯೋಜನೆ. ದಾರಿಯಲ್ಲಿ ಇವು ಒಂದೊಂದಾಗಿ ಕಳಚುತ್ತವೆ. ಕಾರು ಕೈಕೊಡುತ್ತದೆ; ಅಪರಿಚಿತರ ವಾಹನವನ್ನೂ ಜಪಾನಿ ಪ್ರವಾಸಿಗರ ಬಸ್ಸನ್ನೂ ಆಶ್ರಯಿಸಬೇಕಾಗುತ್ತದೆ. ಕೊನೆಯ ಜಿಗಿತದಲ್ಲಿ ಕಾಲ ಕೆಳಗಿನ ನೆಲವೂ ಇಲ್ಲ. ಚಾಲಕನ ಆಸನದಿಂದ ಆರಂಭವಾದ ತಂದೆಯ ಪ್ರಯಾಣ ಹೀಗೆ ಯಾವ ಹಿಡಿತವೂ ಇಲ್ಲದ ಆಕಾಶದಲ್ಲಿ ಮುಗಿಯುತ್ತದೆ.

ಕಾನೂನಿನ ಹಿನ್ನೆಲೆ

ಈ ಆತಂಕದ ಹಿಂದೆ ಅಮೆರಿಕದ ಶಿಕ್ಷಣ ವ್ಯವಸ್ಥೆಯ ಒಂದು ನಿರ್ದಿಷ್ಟ ಇತಿಹಾಸವಿದೆ. ಕಾಲೇಜು ವಿದ್ಯಾರ್ಥಿಯ ಪಾಲಿಗೆ ತಂದೆತಾಯಿಯ ಸ್ಥಾನದಲ್ಲಿ ನಿಲ್ಲುತ್ತದೆ ಎಂಬ ತತ್ತ್ವವನ್ನು ಅಲ್ಲಿನ ನ್ಯಾಯಾಲಯಗಳು ಬಹುಕಾಲ ಒಪ್ಪಿದ್ದವು. ಕೆಂಟಕಿಯ ಬೆರಿಯಾ ಕಾಲೇಜಿಗೆ ಸಂಬಂಧಿಸಿದ 1913ರ ತೀರ್ಪು ಇದಕ್ಕೆ ಪ್ರಸಿದ್ಧ ನಿದರ್ಶನ. ಮಗಳನ್ನು ಕಾಲೇಜಿಗೆ ಕಳುಹಿಸುವುದೆಂದರೆ ಒಬ್ಬ ಪಾಲಕನಿಂದ ಮತ್ತೊಬ್ಬ ಪಾಲಕನಿಗೆ ಒಪ್ಪಿಸುವುದು ಎಂಬುದೇ ಅದರ ಅರ್ಥವಾಗಿತ್ತು.

ಈ ತತ್ತ್ವಕ್ಕೆ ದೊಡ್ಡ ಪೆಟ್ಟುಕೊಟ್ಟವರು ಕರಿಯ ವಿದ್ಯಾರ್ಥಿಗಳು. 1960ರಲ್ಲಿ ಅಲಬಾಮಾದ ಮಾಂಟ್‌ಗೊಮರಿಯಲ್ಲಿ ವರ್ಣಭೇದದ ವಿರುದ್ಧ ಧರಣಿ ಕುಳಿತ ವಿದ್ಯಾರ್ಥಿಗಳನ್ನು ಅವರ ಕಾಲೇಜು ವಿಚಾರಣೆಯಿಲ್ಲದೆ ಹೊರಹಾಕಿತು. ಸರಕಾರಿ ಕಾಲೇಜು ಹೀಗೆ ಮಾಡುವಂತಿಲ್ಲ, ನೋಟಿಸು ಮತ್ತು ವಿಚಾರಣೆ ವಿದ್ಯಾರ್ಥಿಗಳ ಹಕ್ಕು ಎಂದು ಡಿಕ್ಸನ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ 1961ರಲ್ಲಿ ಹೇಳಿತು. ಮುಂದೆ 1974ರ ಶಾಸನವೊಂದು ಶೈಕ್ಷಣಿಕ ದಾಖಲೆಗಳ ಮೇಲಿನ ಪಾಲಕರ ಹಕ್ಕನ್ನು ವಿದ್ಯಾರ್ಥಿಗೆ ವರ್ಗಾಯಿಸಿತು. ವಿದ್ಯಾರ್ಥಿಗೆ 18 ವರ್ಷ ತುಂಬಿದಾಗ ಅಥವಾ ಅವರು ಕಾಲೇಜು ಸೇರಿದಾಗ ಈ ವರ್ಗಾವಣೆ ಆಗುತ್ತದೆ. ತೆರಿಗೆಯ ಲೆಕ್ಕದಲ್ಲಿ ಮಗ ಅಥವಾ ಮಗಳು ಅವಲಂಬಿತರಾಗಿದ್ದರೆ ಪಾಲಕರಿಗೆ ಮಾಹಿತಿ ಕೊಡಲು ಸಂಸ್ಥೆಗೆ ಅವಕಾಶವಿದೆಯಾದರೂ ಅದು ಪಾಲಕರ ಸಹಜ ಹಕ್ಕಾಗಿ ಉಳಿದಿಲ್ಲ. ಹೆಣ್ಣೊಪ್ಪಿಸುವ ಶಾಸ್ತ್ರದಲ್ಲಿ ಮಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತಾಳೆ. ಇಲ್ಲಿ ಅವಳನ್ನು ಅವಳಿಗೇ ಒಪ್ಪಿಸಲಾಗುತ್ತದೆ. ಜೇಮ್ಸ್ ಪೋರ್ಟರನ ಕಳವಳದ ತಿರುಳು ಇದೇ. ಮಗಳನ್ನು ಯಾರಿಗೆ ಒಪ್ಪಿಸುತ್ತಿದ್ದೇನೆ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ.

ಚಿತ್ರದ ಮೌನಗಳು

ಪೋರ್ಟರ್ ಕುಟುಂಬ ಆಫ್ರಿಕನ್-ಅಮೆರಿಕನ್ ಕುಟುಂಬ. ಆದರೆ ಚಿತ್ರದ ಕಥೆ ಈ ಅಸ್ಮಿತೆಯ ಮೇಲೆ ನಿಂತಿಲ್ಲ. ಕರಿಯರ ಮಧ್ಯಮವರ್ಗದ ಕುಟುಂಬವನ್ನು ಸಹಜವಾಗಿ, ಯಾವ ಸಮಸ್ಯೆಯ ಪ್ರತಿನಿಧಿಯನ್ನಾಗಿಯೂ ಮಾಡದೆ ತೋರಿಸಿರುವುದು ಒಂದು ದೃಷ್ಟಿಯಿಂದ ಗುಣವೇ. ಆದರೂ ಮೆಲಾನಿ ಬಯಸುವ ಬಾಗಿಲಿಗೆ ತನ್ನದೇ ಚರಿತ್ರೆಯಿದೆ. 1789ರಲ್ಲಿ ಸ್ಥಾಪನೆಯಾದ ಜಾರ್ಜ್‌ಟೌನ್ ತನ್ನ ಕಲೆ ಮತ್ತು ವಿಜ್ಞಾನಗಳ ಕಾಲೇಜಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1969ರಲ್ಲಿ. ಮೇರಿಲ್ಯಾಂಡಿನ ಜೆಸ್ಯೂಟ್ ಪಾದ್ರಿಗಳು 1838ರಲ್ಲಿ 272 ಮಂದಿ ಗುಲಾಮರನ್ನು ಮಾರಿದ ಹಣದ ಒಂದು ಭಾಗ ಈ ಸಂಸ್ಥೆಯ ಸಾಲ ತೀರಿಸಲು ಬಳಕೆಯಾಗಿತ್ತು. ಆ ಗುಲಾಮರ ವಂಶಸ್ಥರಿಗೆ ಪ್ರವೇಶದಲ್ಲಿ ವಿಶೇಷ ಪರಿಗಣನೆ ನೀಡುವುದಾಗಿ ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿತು. ಇದು ಚಿತ್ರಕ್ಕಿಂತ 8 ವರ್ಷ ಈಚಿನ ಬೆಳವಣಿಗೆಯಾದ್ದರಿಂದ ಚಿತ್ರವನ್ನು ದೂರುವುದು ನ್ಯಾಯವಲ್ಲ. ಆದರೆ ಈ ಅರಿವಿನೊಡನೆ ನೋಡುವ ಇಂದಿನ ಪ್ರೇಕ್ಷಕರಿಗೆ ಕರಿಯ ಹುಡುಗಿಯೊಬ್ಬಳು ಆ ಬಾಗಿಲನ್ನು ದಾಟುವ ದೃಶ್ಯಕ್ಕೆ ಚಿತ್ರ ಉದ್ದೇಶಿಸದ ತೂಕ ಬರುತ್ತದೆ.

ಹಣದ ಪ್ರಶ್ನೆ ಚಿತ್ರದ ಸಂಘರ್ಷದಲ್ಲಿ ಸ್ಥಾನ ಪಡೆದಿಲ್ಲ. ಗ್ರೆಟಾ ಗೆರ್ವಿಗ್ ನಿರ್ದೇಶನದ ‘ಲೇಡಿ ಬರ್ಡ್’ (2017) ಚಿತ್ರವನ್ನು ಇದರೊಡನೆ ಇಟ್ಟು ನೋಡಿದರೆ ಈ ಮೌನ ಸ್ಪಷ್ಟವಾಗುತ್ತದೆ. ಅಲ್ಲಿ ಕಾಲೇಜುಗಳನ್ನು ನೋಡಿ ಕಾರಿನಲ್ಲಿ ಮರಳುತ್ತಿರುವ ತಾಯಿ ಮಗಳು ಜಗಳವಾಡುತ್ತಾರೆ. ಮಗಳು ಚಲಿಸುತ್ತಿರುವ ಕಾರಿನಿಂದಲೇ ಹಾರುತ್ತಾಳೆ. ದೂರದ ಕಾಲೇಜು ಎಂಬುದು ಆ ಮನೆಯಲ್ಲಿ ವಾತ್ಸಲ್ಯದ ಪ್ರಶ್ನೆಯಾಗಿರುವಷ್ಟೇ ಕೈಗೆಟುಕದ ಖರ್ಚಿನ ಪ್ರಶ್ನೆಯೂ ಹೌದು. ಡಿಸ್ನಿಯ ಹಾಸ್ಯಚಿತ್ರ ತಂದೆಯ ಮನಸ್ಸೊಂದು ಬದಲಾದರೆ ಸಾಕು ಎಂಬ ಲೋಕವನ್ನು ಕಟ್ಟುತ್ತದೆ.

ಕನ್ನಡದ ಸಂದರ್ಭ

ಇದೇ 2008ರಲ್ಲಿ ರಾಧಾಮೋಹನ್ ನಿರ್ದೇಶಿಸಿದ ತಮಿಳಿನ ‘ಅಭಿಯುಂ ನಾನುಂ’ ತೆರೆಕಂಡಿತು. ಅದರ ನಿರ್ಮಾಪಕ ಮತ್ತು ಮುಖ್ಯ ನಟ ಪ್ರಕಾಶ್ ರೈ 2010ರಲ್ಲಿ ಅದನ್ನು ‘ನಾನು ನನ್ನ ಕನಸು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದು ತಾವೇ ನಿರ್ದೇಶಿಸಿದರು. ಎರಡು ದೇಶಗಳ ಈ ಚಿತ್ರಗಳಿಗೆ ಪರಸ್ಪರ ಋಣವಿದೆಯೆಂದು ಹೇಳಲಾಗದು. ಆದರೂ ವಸ್ತುಸಾಮ್ಯ ಗಮನಾರ್ಹ. ಕನ್ನಡ ಚಿತ್ರದ ತಂದೆಯೂ ಮಗಳನ್ನು ಒಂದು ಗಳಿಗೆ ಬಿಟ್ಟಿರಲಾರದವನು. ಅವನ ಮಗಳೂ ಉನ್ನತ ವ್ಯಾಸಂಗಕ್ಕೆಂದು ದೂರದ ದೆಹಲಿಗೆ ಹೋಗುತ್ತಾಳೆ. ವ್ಯತ್ಯಾಸ ಕಾಣುವುದು ಅನಂತರದಲ್ಲಿ. ಆಕೆ ಮರಳುವುದು ಸಿಖ್ ತರುಣನನ್ನು ಮದುವೆಯಾಗುವ ನಿರ್ಧಾರದೊಂದಿಗೆ. ತಂದೆಯ ನಿಜವಾದ ಪರೀಕ್ಷೆ ಆರಂಭವಾಗುವುದು ಅಲ್ಲಿಂದ. ಅಮೆರಿಕದ ಚಿತ್ರದಲ್ಲಿ ಕಾಲೇಜು ಮದುವೆಯ ಸ್ಥಾನವನ್ನು ಆಕ್ರಮಿಸಿದರೆ, ಕನ್ನಡ ಚಿತ್ರದಲ್ಲಿ ಅದು ಮದುವೆಗೆ ಮುನ್ನಿನ ಮೆಟ್ಟಿಲಾಗಿ ಉಳಿಯುತ್ತದೆ. ಓದಿಗೆ ಹೋಗುವ ಮಗಳು ಮರಳಿ ಬರುತ್ತಾಳೆ, ಮದುವೆಯಾಗಿ ಹೋಗುವವಳೇ ನಿಜವಾಗಿ ಹೋಗುವವಳು ಎಂಬ ಭಾವನೆ ಆ ಕಥನದ ಅಡಿಯಲ್ಲಿದೆ.

ಸಮಾರೋಪ

‘ಕಾಲೇಜ್ ರೋಡ್ ಟ್ರಿಪ್’ ಹಾಸ್ಯಕಥನದ ಪ್ರಾಚೀನ ವಿನ್ಯಾಸವನ್ನು ಉಳಿಸಿಕೊಂಡು ಅದರ ಮುಖ್ಯ ಸ್ಥಾನವೊಂದನ್ನು ಬದಲಿಸಿದೆ. ವರನ ಸ್ಥಾನಕ್ಕೆ ವಿಶ್ವವಿದ್ಯಾಲಯ ಬಂದಾಗ, ಮಗಳ ಬಯಕೆಯನ್ನು ಇನ್ನೊಬ್ಬ ಪುರುಷನ ಪ್ರಭಾವವೆಂದು ತಳ್ಳಿಹಾಕುವ ದಾರಿ ತಂದೆಗೆ ಉಳಿಯುವುದಿಲ್ಲ. ಅವನು ಎದುರಿಸಬೇಕಾದದ್ದು ಮಗಳ ಸ್ವಂತ ಇಚ್ಛೆಯನ್ನು. ಚಿತ್ರದ ಅವಾಂತರಗಳಿಗೆಲ್ಲ ಬೆನ್ನೆಲುಬಾಗಿರುವುದು ಈ ಸಂಗತಿ. ಕನ್ನಡದ ಹೆಣ್ಣೊಪ್ಪಿಸುವ ಹಾಡುಗಳಲ್ಲಿ ಮಗಳನ್ನು ಸ್ವೀಕರಿಸುವ ಮನೆಯವರಿಗೆ ತವರಿನವರು ಮಾಡುವ ಬಿನ್ನಹವಿದೆ. ಕಾಲೇಜಿನ ಬಾಗಿಲಲ್ಲಿ ಅಂಥ ಬಿನ್ನಹವನ್ನು ಕೇಳಿಸಿಕೊಳ್ಳುವವರು ಯಾರೂ ಇಲ್ಲ. ಹೇಳಬೇಕಾದದ್ದನ್ನು ಮಗಳಿಗೇ ಹೇಳಬೇಕು. ಓದಿಗಾಗಿ ಊರು ಬಿಡುವ ಹೆಣ್ಣುಮಕ್ಕಳ ಕಥನಗಳನ್ನು ಹೆಣ್ಣೊಪ್ಪಿಸುವ ಹಾಡುಗಳ ಜೊತೆಗಿಟ್ಟು ಓದಿದರೆ ಈ ಎರಡು ಬಗೆಯ ಮಾತುಗಳ ನಡುವಿನ ಅಂತರವನ್ನು ಇನ್ನಷ್ಟು ಖಚಿತವಾಗಿ ಗುರುತಿಸಬಹುದಾಗಿದೆ.