ಪೇನ್ಸ್‌ಹಿಲ್ ಉಪವನದ ಜಲಚಕ್ರ

ಶ್ರೀಮಂತರ ಉಪವನಗಳನ್ನು ನೋಡಹೋದವರು ಹೂವುಗಳನ್ನೂ ಮಂಟಪಗಳನ್ನೂ ಹೊಗಳಿ ಹಿಂದಿರುಗುವುದು ವಾಡಿಕೆ. ಆ ಸೊಬಗಿಗೆ ನೀರೊದಗಿಸುವ ಯಂತ್ರವಾವುದು, ಅದರ ಖರ್ಚನ್ನು ಹೊರುವವರಾರು ಎಂದು ವಿಚಾರಿಸುವವರು ವಿರಳ. ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಕೋಬಮ್ ಎಂಬ ಊರಿನ ಬಳಿಯಿರುವ ಪೇನ್ಸ್‌ಹಿಲ್ ಉಪವನದ ಚರಿತ್ರೆಯನ್ನು ನೋಡಿದರೆ ಈ ಪ್ರಶ್ನೆಗಳೇ ಮುಖ್ಯವೆಂಬುದು ಮನದಟ್ಟಾಗುವುದು.

ಅಬರ್ಕಾರ್ನಿನ ಪ್ರಭುವಿನ ಕಿರಿಯ ಮಗನಾದ ಚಾರ್ಲ್ಸ್ ಹ್ಯಾಮಿಲ್ಟನ್ನನು 1738ರಿಂದ ಅಲ್ಲಿ ಭೂಮಿಯನ್ನು ಸಂಪಾದಿಸತೊಡಗಿ, ಬರಡು ನೆಲವನ್ನು ರಮ್ಯವಾದ ವನವನ್ನಾಗಿ ಮಾರ್ಪಡಿಸಿದನು. ಶಿಲೆಯಂತೆ ತೋರುವ ಮರದ ಮಂಟಪ, ಹರಳುಗಳನ್ನು ಹೊದಿಸಿದ ಕೃತಕ ಗುಹೆ, ಹೊಸದಾಗಿಯೇ ಕಟ್ಟಿಸಿದ 'ಹಾಳು ಮಠ', ಇವೆಲ್ಲವೂ ನೋಟಕ್ಕಾಗಿ ರಚಿತವಾದುವು. ಆದರೆ ನಡುವಣ 14 ಎಕರೆಯ ಸರೋವರವು ಬರಿಯ ಕಲ್ಪನೆಯಿಂದ ನಿಲ್ಲತಕ್ಕದ್ದಲ್ಲ. ಅದು ಪಕ್ಕದಲ್ಲಿ ಹರಿಯುವ ಮೋಲ್ ನದಿಗಿಂತ ಎತ್ತರದಲ್ಲಿರುವುದರಿಂದ, ನದಿಯ ನೀರನ್ನು ಯಂತ್ರದಿಂದ ಎತ್ತಿ ತುಂಬಬೇಕಾಯಿತು. ಈಗ ಅಲ್ಲಿ ಉಳಿದಿರುವ ಕಬ್ಬಿಣದ ಜಲಚಕ್ರವು 1830ರ ದಶಕದ್ದು. ನದಿಯ ಬಲದಿಂದಲೇ ತಿರುಗಿ ನದಿಯ ನೀರನ್ನು ಮೇಲಕ್ಕೆತ್ತುವುದು ಅದರ ಕೆಲಸ.

ಹ್ಯಾಮಿಲ್ಟನ್ನನು ಸಾಲದ ಹಣದಿಂದ ವನವನ್ನು ಬೆಳೆಸಿದನು. ಆ ಸಾಲವೇ 1773ರಲ್ಲಿ ಅದನ್ನು ಮಾರುವಂತೆ ಮಾಡಿತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ನನು 1786ರಲ್ಲಿ ಬಂದು ನೋಡುವಾಗ ಕೀರ್ತಿ ಹ್ಯಾಮಿಲ್ಟನ್ನನದಾಗಿತ್ತು, ಒಡೆತನ ಪರರದಾಗಿತ್ತು. ಒಡೆಯರು ಬದಲಾದರೂ ಆಸ್ತಿ ಒಂದಾಗಿರುವವರೆಗೆ ವನ ಉಳಿಯಿತು. 1948ರಲ್ಲಿ ಅದನ್ನು ತುಂಡುತುಂಡಾಗಿ ಮಾರಿದ ಮೇಲೆ, ಇಡೀ ವನದ ಹೊಣೆ ಯಾರದೂ ಅಲ್ಲವೆಂದಾಯಿತು. ಪೊದೆಗಳು ದಾರಿಗಳನ್ನು ನುಂಗಿದುವು. ಗುಹೆಯ ಮುಖ್ಯ ಕೋಣೆ ಕುಸಿದುಬಿದ್ದಿತು.

ಕಡೆಗೆ ಅದನ್ನು ಉಳಿಸಿದವರು ಪ್ರಭುಗಳಲ್ಲ, ಸ್ಥಳೀಯ ಪೌರಸಭೆಯವರು. ಎಲ್ಮ್‌ಬ್ರಿಜ್ ಸಭೆಯು 1980ರ ಹೊತ್ತಿಗೆ 158 ಎಕರೆಗಳನ್ನು ಮರಳಿ ಕೊಂಡಿತು. 1981ರಲ್ಲಿ ಇದರ ಜೀರ್ಣೋದ್ಧಾರಕ್ಕಾಗಿ ಒಂದು ಧರ್ಮದರ್ಶಿ ಮಂಡಲಿ ಏರ್ಪಟ್ಟಿತು. ಮಂಟಪಗಳು ಮತ್ತೆ ಎದ್ದುವು, ಜಲಚಕ್ರವು ಮತ್ತೆ ತಿರುಗಿತು.

ಮಂಟಪಕ್ಕೆ ಉದ್ಘಾಟನೆಯುಂಟು, ಚಕ್ರದ ಅಚ್ಚಿಗೆ ಎಣ್ಣೆಹಾಕುವ ಕಾರ್ಯಕ್ಕೆ ಹಾರತುರಾಯಿಗಳಿಲ್ಲ. ಆದರೂ ಆಯವ್ಯಯದಲ್ಲಿ ಎರಡನೆಯದಕ್ಕೆ ಹಣವನ್ನು ತೆಗೆದಿಡದ ಸಭೆಯು ಮೊದಲನೆಯದನ್ನೂ ಕಳೆದುಕೊಳ್ಳುವುದು ನಿಶ್ಚಯ. ಪೂರ್ವಿಕರ ಆಸ್ತಿಯನ್ನು ಸಾರ್ವಜನಿಕರ ಪರವಾಗಿ ವಹಿಸಿಕೊಂಡವರು ಮೊದಲು ನೋಡಬೇಕಾದುದು ಅದರ ಶಿಖರವನ್ನಲ್ಲ, ಅದರ ನೀರಿನ ಮೂಲವನ್ನು.