ಬಳ್ಳಾರಿ ನಾಲಾದ ನೆರೆಯವರು

ಬೆಳಗಾವಿಯ ವಡಗಾವಿ, ಖಾಸಬಾಗಗಳಲ್ಲಿ ಮಕ್ಕಳು ಮಗ್ಗದ ಸದ್ದಿನ ನಡುವೆಯೇ ಪಾಠ ಓದುತ್ತಾರೆ. ಮುಂಗಾರು ಬಂತೆಂದರೆ ಹಿರಿಯರ ಕಣ್ಣು ಬಳ್ಳಾರಿ ನಾಲಾದ ಕಡೆಗೆ. (ಹೆಸರು ಕೇಳಿ ಬಳ್ಳಾರಿ ಊರನ್ನು ನೆನೆಯಬೇಡಿ, ಇದು ಬೆಳಗಾವಿಯದೇ ಹಳ್ಳ.)

ನಗರದ ಕೊಳಚೆಯನ್ನೂ ಹೊತ್ತ ಈ ನಾಲಾದಲ್ಲಿ ಹೂಳು, ಕಳೆ ತುಂಬಿದಂತೆ ನೀರಿನ ವೇಗ ಕುಗ್ಗುತ್ತದೆ. ವೇಗ ಕುಗ್ಗಿದ ನೀರು ಇನ್ನಷ್ಟು ಹೂಳನ್ನು ತಳಕ್ಕಿಳಿಸುತ್ತದೆ. ತಳ ಮೇಲೆದ್ದರೆ ಮಳೆನೀರು ಎಲ್ಲಿಗೆ ಹೋಗಬೇಕು? ಶಹಾಪುರ, ಯಳ್ಳೂರ ಕಡೆಯ ಗದ್ದೆಗಳಿಗೆ. ಬೆಳಗಾವಿ ಬಾಸುಮತಿ ಬೆಳೆಯುವ ನೆಲವೇ ಅದು!

2019ರ ಆಗಸ್ಟ್‌ನಲ್ಲಿ ಮಗ್ಗದ ಮನೆಗಳಿಗೂ ನೀರು ಹೊಕ್ಕಿತು. ಮೋಟಾರನ್ನಾದರೂ ಬಿಚ್ಚಿ ಒಣಗಿಸಬಹುದು. ಕೊಳಚೆಯಲ್ಲಿ ನೆನೆದ ಹಾಸನ್ನು ನೇಯುವುದು ಹೇಗೆ? ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಬೆಳಗಾವಿ ಸೇರಿದ್ದು 2016ರ ಜನವರಿಯಲ್ಲೇ.